ಹೇಳದೆ ಬಿಟ್ಟಿದ್ದೇ ಹೆಚ್ಚು

2024ರಲ್ಲಿ ನನಗೆ ತುಂಬ ಹಿಡಿಸಿದ ಎರಡು ಸಿನಿಮಾಗಳಲ್ಲಿ ಹುಂಜಕ್ಕೆ ದೊಡ್ಡ ಪಾತ್ರ. ಒಂದು ತಮಿಳಿನ ‘ಕೊಟ್ಟುಕ್ಕಾಳಿ’. ಅಲ್ಲಿ ಹುಂಜ ಬಲಿಗೆ ಹೊರಟಿದೆ. ಇನ್ನೊಂದು ಮೈಸೂರಿನ ಚಿದಾನಂದ ಎಸ್. ನಾಯ್ಕ್ ಮಾಡಿದ ಹದಿನಾರು ನಿಮಿಷದ ಕನ್ನಡ ಕಿರುಚಿತ್ರ, ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’. ಅಲ್ಲಿ ಹುಂಜ ಕಳುವಾಗಿದೆ.

ಕಿರುಚಿತ್ರದ ಕತೆಯ ಬೇರು ನಮಗೆಲ್ಲ ಗೊತ್ತಿರುವುದೇ. ತನ್ನ ಹುಂಜ ಕೂಗಿದರೇ ಊರಿಗೆ ಬೆಳಗು ಎಂದು ನಂಬಿದ್ದ ಜಂಬದ ಮುದುಕಿ, ಸಿಟ್ಟಿನಲ್ಲಿ ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಊರು ಬಿಟ್ಟ ಕತೆಯನ್ನು ಕೇಳದ ಕನ್ನಡದ ಮಕ್ಕಳು ಕಡಿಮೆ. ನಾವೆಲ್ಲ ಅವಳನ್ನು ನೋಡಿ ನಕ್ಕವರೇ. ಅವಳಿಲ್ಲದೆಯೂ ಸೂರ್ಯ ಹುಟ್ಟಿದ, ಊರು ಎದ್ದು ಹಲ್ಲುಜ್ಜಿತು. ಚಿದಾನಂದ ಮಾತ್ರ ಮುದುಕಿಯ ಪಕ್ಷ ವಹಿಸುತ್ತಾರೆ. ಅವರ ಚಿತ್ರದಲ್ಲಿ ಮುದುಕಿ ಹುಂಜ ಕದ್ದ ಮೇಲೆ ಊರಿಗೆ ನಿಜವಾಗಿಯೂ ಬೆಳಗಾಗುವುದಿಲ್ಲ. ಕತ್ತಲು ಕೂತೇಬಿಡುತ್ತದೆ. ಯಾಕೆ, ಹೇಗೆ ಎಂಬುದಕ್ಕೆ ಚಿತ್ರ ಉತ್ತರ ಹುಡುಕುತ್ತಾ ಕೂರುವುದಿಲ್ಲ. ಎಂಬಿಬಿಎಸ್ ಓದಿ ವೈದ್ಯರಾಗಿದ್ದ ಚಿದಾನಂದ, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಒಂದು ವರ್ಷದ ಟಿವಿ ಕೋರ್ಸ್ ಸೇರಿ, ವಿದ್ಯಾರ್ಥಿ ಪ್ರಾಜೆಕ್ಟ್ ಆಗಿ ನಾಲ್ಕು ದಿನದಲ್ಲಿ ಇದನ್ನು ಚಿತ್ರೀಕರಿಸಿದರು. ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ‘ಲಾ ಸಿನೆಫ್’ ವಿಭಾಗದಲ್ಲಿ, ಅಂದರೆ ಜಗತ್ತಿನ ಸಿನಿಮಾ ಶಾಲೆಗಳ ಮಕ್ಕಳು ಸ್ಪರ್ಧಿಸುವ ಕಡೆ, ಮೊದಲ ಬಹುಮಾನ ಬಂತು. ಸುದ್ದಿ ಎಲ್ಲರಿಗೂ ತಲುಪಿತು. ಸಿನಿಮಾ ತಲುಪಿದ್ದು ಎಷ್ಟು ಜನಕ್ಕೆ ಎನ್ನುವುದು ಬೇರೆ ಮಾತು.

ವರ್ಷಾಂತ್ಯಕ್ಕೆ ನನ್ನ ಇಷ್ಟದ ಸಿನಿಮಾಗಳನ್ನು ಸಾಲಾಗಿ ನಿಲ್ಲಿಸಿ ನೋಡಿದಾಗ ಒಂದು ಗುಣ ಎದ್ದು ಕಂಡಿತು. ಎಲ್ಲವೂ ಏನನ್ನೋ ಬಚ್ಚಿಟ್ಟುಕೊಂಡ ಸಿನಿಮಾಗಳೇ. ಸಸ್ಪೆನ್ಸ್ ಚಿತ್ರದಂತೆ ಕಡೆಗೆ ಪರದೆ ಸರಿಸಿ ತೋರಿಸುವುದಕ್ಕೆ ಬಚ್ಚಿಟ್ಟಿದ್ದಲ್ಲ, ತೋರಿಸದೆಯೇ ಮುಗಿಸುವುದಕ್ಕೆ. ಪ್ರೇಕ್ಷಕನಿಗೆ ಎಲ್ಲವನ್ನೂ ಬಾಯಿಗಿಟ್ಟು ತಿನ್ನಿಸಬೇಕು ಎಂಬ ಹಟ ಈ ನಿರ್ದೇಶಕರಿಗಿಲ್ಲ. ಈ ಗುಣವಿಲ್ಲದ ಒಳ್ಳೆಯ ಸಿನಿಮಾಗಳೂ ಬಂದಿವೆ, ಅವುಗಳ ಬಗ್ಗೆ ಆಮೇಲೆ ಹೇಳುತ್ತೇನೆ. ಮನಸ್ಸಲ್ಲಿ ಉಳಿದದ್ದು ಮಾತ್ರ ಇವು.

‘ಕೊಟ್ಟುಕ್ಕಾಳಿ’ಯನ್ನೇ ತೆಗೆದುಕೊಳ್ಳಿ. ‘ಕೂಳಾಂಗಲ್’ ಮಾಡಿದ್ದ ಪಿ.ಎಸ್. ವಿನೋದ್‌ರಾಜ್ ಅವರ ಎರಡನೇ ಚಿತ್ರ ಇದು, ನಿರ್ಮಾಪಕ ನಟ ಶಿವಕಾರ್ತಿಕೇಯನ್. ಬೇರೆ ಜಾತಿಯ ಹುಡುಗನನ್ನು ಇಷ್ಟಪಟ್ಟ ಮೀನಾಳಿಗೆ ಗಾಳಿ ಸೋಕಿದೆ ಎಂದು ಮನೆಯವರ ತೀರ್ಮಾನ. ಅವಳನ್ನು ಆಟೊದಲ್ಲಿ ಕೂರಿಸಿಕೊಂಡು, ಹಿಂದೆ ಮುಂದೆ ಬೈಕುಗಳಲ್ಲಿ ಗಂಡಸರು ಕಾವಲಾಗಿ, ಮಂತ್ರವಾದಿಯ ಬಳಿಗೆ ಹೊರಡುತ್ತಾರೆ. ಕತೆ ಇಷ್ಟೇ. ಹಿನ್ನೆಲೆ ಸಂಗೀತವೇ ಇಲ್ಲ. ಆಟೊ ಎಂಜಿನ್ನು, ಗಾಳಿ, ಬೈಗುಳ, ಇವೇ ಸಂಗೀತ. ಮೀನಾ ಆಗಿ ಅನ್ನಾ ಬೆನ್ ಸಿನಿಮಾದುದ್ದಕ್ಕೂ ಬಾಯಿ ಬಿಡುವುದು ಒಂದೇ ಸಲ. ಅವಳನ್ನು ಮದುವೆಯಾಗಬೇಕಾದ ಪಾಂಡಿಗೆ (ಹಾಸ್ಯನಟನೆಂದೇ ಹೆಸರಾಗಿದ್ದ ಸೂರಿ ಈ ಪಾತ್ರದಲ್ಲಿ ಗುರುತೇ ಸಿಗುವುದಿಲ್ಲ) ಗಂಟಲು ಕಟ್ಟಿದೆ, ಕುತ್ತಿಗೆಗೆ ಸುಣ್ಣ ಬಳಿದುಕೊಂಡಿದ್ದಾನೆ. ಒಬ್ಬಳು ಮಾತಾಡಲು ಒಲ್ಲಳು, ಇನ್ನೊಬ್ಬನಿಗೆ ಮಾತಾಡಲು ದನಿಯಿಲ್ಲ.

ದಾರಿಯಲ್ಲಿ ಯಾವುದೋ ಸಮಾರಂಭದ ಮೈಕಿನಿಂದ ಹಾಡು ಕೇಳಿಬರುತ್ತದೆ. ಮೀನಾ ತನ್ನ ಪಾಡಿಗೆ ತಾನು ತುಟಿ ಅಲ್ಲಾಡಿಸುತ್ತಾಳೆ. ಅದನ್ನು ಕಂಡ ಪಾಂಡಿ ಬೈಕು ಬಿಟ್ಟು ಬಂದು ಅವಳಿಗೆ, ಅಡ್ಡ ಬಂದ ಹೆಂಗಸರಿಗೆ, ಕೈಗೆ ಸಿಕ್ಕವರಿಗೆಲ್ಲ ಬಾರಿಸುತ್ತಾನೆ. ಒಂದು ಹುಡುಗಿ ಹಾಡು ಗುನುಗಿದ್ದಕ್ಕೆ! ಆಮೇಲೆ ಎಲ್ಲರೂ ಮತ್ತೆ ಆಟೊ ಹತ್ತುತ್ತಾರೆ, ಪ್ರಯಾಣ ಮುಂದುವರಿಯುತ್ತದೆ. ಇನ್ನೊಂದು ಕಡೆ ರಸ್ತೆಗೆ ಅಡ್ಡವಾಗಿ ಗೂಳಿ ನಿಂತು, ಅಷ್ಟೂ ಗಂಡಸರು ಹೆದರಿ ದೂರ ಸರಿದಿರುವಾಗ, ಪುಟ್ಟ ಹುಡುಗಿಯೊಬ್ಬಳು ಬಂದು ಅದನ್ನು ಸಲೀಸಾಗಿ ಕರೆದುಕೊಂಡು ಹೋಗುತ್ತಾಳೆ. ವಿನೋದ್‌ರಾಜ್ ಇಂಥದ್ದನ್ನು ತೋರಿಸಿ ಸುಮ್ಮನಾಗುತ್ತಾರೆ, ಅಡಿಗೆರೆ ಎಳೆಯುವುದಿಲ್ಲ. ಕೊನೆಗೆ ಮಂತ್ರವಾದಿಯ ಜಾಗ ಬರುತ್ತದೆ. ಮೀನಾಳಿಗಿಂತ ಮುಂಚಿನ ಸರದಿಯ ಹೆಣ್ಣಿನ ಮೈಮೇಲೆ ಅವನ ಕೈ ಆಡುವುದನ್ನು ಪಾಂಡಿ ನೋಡುತ್ತಾನೆ. ಅವನ ಮುಖದಲ್ಲಿ ಏನೋ ಬದಲಾಗುತ್ತದೆ. ಅಲ್ಲಿಗೆ ಸಿನಿಮಾ ಮುಗಿಯಿತು. ಅವನು ಮೀನಾಳನ್ನು ವಾಪಸ್ ಕರೆದುಕೊಂಡು ಹೋದನೇ, ಒಳಗೆ ಕಳಿಸಿದನೇ? ನಮ್ಮ ನಮ್ಮ ಯೋಗ್ಯತೆಗೆ ತಕ್ಕಂತೆ ಉತ್ತರ. ಆಗಸ್ಟಿನಲ್ಲಿ ಇದು ಬಿಡುಗಡೆಯಾದಾಗ ‘ಕ್ಲೈಮ್ಯಾಕ್ಸೇ ಇಲ್ಲ’ ಎಂದು ಸಿಟ್ಟಾದವರೂ ಇದ್ದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಒಪ್ಪಿಗೆ ಇಲ್ಲ.

ಬಚ್ಚಿಡುವುದನ್ನೇ ಕತೆಯ ಬೆನ್ನೆಲುಬು ಮಾಡಿಕೊಂಡದ್ದು ಮಲಯಾಳದ ‘ಆಟ್ಟಂ’. ಆನಂದ್ ಏಕರ್ಷಿ ನಿರ್ದೇಶನ. ಜನವರಿಯ ಮೊದಲ ವಾರವೇ ತೆರೆಗೆ ಬಂದು, ವರ್ಷವಿಡೀ ಬೇರೆ ಸಿನಿಮಾಗಳನ್ನು ಅದರ ಪಕ್ಕದಲ್ಲಿಟ್ಟು ಅಳೆಯುವಂತೆ ಮಾಡಿತು. ಹನ್ನೆರಡು ಗಂಡಸರು, ಒಬ್ಬಳೇ ಹೆಣ್ಣು ಇರುವ ಹವ್ಯಾಸಿ ನಾಟಕ ತಂಡ. ಯಶಸ್ವಿ ಪ್ರದರ್ಶನದ ನಂತರ ಪಾರ್ಟಿ ನಡೆಯುತ್ತದೆ. ರಾತ್ರಿ ಕಿಟಕಿಯ ಪಕ್ಕ ಮಲಗಿದ್ದ ಅಂಜಲಿಯ ಮೈಮೇಲೆ ಯಾರೋ ಕೈಹಾಕುತ್ತಾರೆ. ತಂಡದಲ್ಲಿ ಸಿನಿಮಾ ನಟನಾಗಿ ಹೆಸರು ಮಾಡಿರುವ ಹರಿಯ ಮೇಲೆ ಅನುಮಾನ. ತೀರ್ಮಾನ ಮಾಡಲು ಗಂಡಸರೆಲ್ಲ ಒಂದು ಮನೆಯಲ್ಲಿ ಸೇರುತ್ತಾರೆ. ಮೊದಲು ಎಲ್ಲರೂ ನ್ಯಾಯದ ಪರವೇ. ಅಷ್ಟರಲ್ಲಿ ಹರಿಯ ಪರಿಚಯದವರಿಂದ ಇಡೀ ತಂಡಕ್ಕೆ ವಿದೇಶದಲ್ಲಿ ನಾಟಕವಾಡುವ ಅವಕಾಶದ ಸುದ್ದಿ ಬರುತ್ತದೆ. ಅಲ್ಲಿಂದ ಶುರು ನೋಡಿ, ‘ಅವಳು ನಿಜವಾಗಿಯೂ ನೋಡಿದಳೇ?’, ‘ಕುಡಿದಿದ್ದಳಲ್ಲವೇ?’, ‘ಪ್ರಮಾದವೇನೂ ಆಗಿಲ್ಲವಲ್ಲ’. ಒಬ್ಬೊಬ್ಬನ ನ್ಯಾಯದ ತಕ್ಕಡಿ ಒಂದೊಂದು ಕಡೆ ವಾಲುತ್ತದೆ.

‘12 ಆಂಗ್ರಿ ಮೆನ್’ ನೆನಪಾಗುವುದು ಸಹಜ. ಹಿಂದಿಯಲ್ಲಿ ಅದನ್ನೇ ಬಾಸು ಚಟರ್ಜಿ ‘ಏಕ್ ರುಕಾ ಹುವಾ ಫೈಸ್ಲಾ’ ಎಂದು ಮಾಡಿದ್ದರು. ಅಲ್ಲಿ ಮಾತು ಬೆಳೆದಂತೆ ಸತ್ಯ ಹತ್ತಿರವಾಗುತ್ತದೆ. ‘ಆಟ್ಟಂ’ನಲ್ಲಿ ಮಾತು ಬೆಳೆದಂತೆ ಸತ್ಯ ದೂರ ಹೋಗುತ್ತದೆ. ಆ ಕೈ ಯಾರದೆಂದು ಸಿನಿಮಾ ಕೊನೆಗೂ ಹೇಳುವುದಿಲ್ಲ. ತಿಳಿದುಕೊಳ್ಳುವ ಆಸೆ ಅಂಜಲಿಗೂ ಉಳಿದಿರುವುದಿಲ್ಲ. ಹನ್ನೆರಡೂ ಮುಖಗಳು ಅವಳಿಗೆ ಒಂದೇ ಆಗಿಬಿಟ್ಟಿವೆ. ಹೆಸರು ಹೇಳಿಬಿಟ್ಟಿದ್ದರೆ ಉಳಿದ ಹನ್ನೊಂದು ಮಂದಿ ಬಚಾವಾಗುತ್ತಿದ್ದರು, ಅವರ ಜೊತೆಗೆ ನಾವೂ.

ಆಗಸ್ಟ್ 16ರಂದು ಪ್ರಕಟವಾದ 70ನೇ ರಾಷ್ಟ್ರ ಪ್ರಶಸ್ತಿಗಳಲ್ಲಿ ‘ಆಟ್ಟಂ’ಗೆ ಅತ್ಯುತ್ತಮ ಚಿತ್ರ, ಚಿತ್ರಕಥೆ, ಸಂಕಲನ ಮೂರೂ ಬಂದವು. ‘ಕಾಂತಾರ’ಕ್ಕಾಗಿ ರಿಷಬ್ ಶೆಟ್ಟಿ ಅತ್ಯುತ್ತಮ ನಟ ಎನಿಸಿದ್ದೂ ಅದೇ ಪಟ್ಟಿಯಲ್ಲಿ, ಹಾಗಾಗಿ ನಮ್ಮಲ್ಲಿ ‘ಆಟ್ಟಂ’ ಸುದ್ದಿ ಒಳಪುಟಕ್ಕೆ ಹೋಯಿತು. ಮೂರೇ ದಿನಕ್ಕೆ, ಆಗಸ್ಟ್ 19ರಂದು, ಮಲಯಾಳ ಚಿತ್ರರಂಗದಲ್ಲಿ ಹೆಣ್ಣುಮಕ್ಕಳ ಪಾಡು ಹೇಗಿದೆ ಎಂದು ತನಿಖೆ ಮಾಡಿದ್ದ ನ್ಯಾಯಮೂರ್ತಿ ಹೇಮಾ ಸಮಿತಿಯ ವರದಿ ಹೊರಬಿತ್ತು. 2019ರ ಕೊನೆಯಲ್ಲೇ ಸರ್ಕಾರದ ಕೈಸೇರಿ, ನಾಲ್ಕೂವರೆ ವರ್ಷ ಬೀರುವಿನಲ್ಲಿದ್ದ ವರದಿ ಅದು. ಸಿನಿಮಾದಲ್ಲಿ ಒಂದು ಮನೆಯೊಳಗೆ ನಡೆದ ಪಂಚಾಯಿತಿಯನ್ನೇ ಆಮೇಲೆ ಟಿವಿ ಚಾನೆಲ್ಲುಗಳಲ್ಲಿ ನೋಡಿದೆವು. ಸೆಪ್ಟೆಂಬರಿನಲ್ಲಿ ನಮ್ಮ ಚಿತ್ರರಂಗದವರ ‘ಫೈರ್’ ಸಂಘಟನೆ ಕನ್ನಡ ಚಿತ್ರರಂಗಕ್ಕೂ ಇಂಥದ್ದೊಂದು ಸಮಿತಿ ಬೇಕೆಂದು ಮುಖ್ಯಮಂತ್ರಿಗೆ ಮನವಿ ಕೊಟ್ಟಿತು. ಆಗ ಇಲ್ಲಿಯೂ ಕೇಳಿಬಂದ ಕೆಲವು ಮಾತುಗಳು ‘ಆಟ್ಟಂ’ನ ಸಂಭಾಷಣೆಯಿಂದಲೇ ಕದ್ದು ತಂದಂತಿದ್ದವು.

ಇನ್ನು ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್’. ಶಾಜಿ ಎನ್. ಕರುಣ್ ಅವರ ‘ಸ್ವಹಂ’ 1994ರಲ್ಲಿ ಕಾನ್ ಮುಖ್ಯ ಸ್ಪರ್ಧೆಗೆ ಹೋದ ಮೇಲೆ ಮೂವತ್ತು ವರ್ಷ ಭಾರತದ ಯಾವ ಚಿತ್ರವೂ ಅಲ್ಲಿಗೆ ಹೋಗಿರಲಿಲ್ಲ. ಇದು ಹೋಯಿತು, ಗ್ರ್ಯಾನ್ ಪ್ರಿ ಪ್ರಶಸ್ತಿಯನ್ನೂ ತಂದಿತು. ಮುಂಬೈ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುವ ಮಲಯಾಳಿ ನರ್ಸುಗಳು ಪ್ರಭಾ ಮತ್ತು ಅನು. ಅದೇ ಆಸ್ಪತ್ರೆಯ ಅಡುಗೆಯವಳು ಪಾರ್ವತಿ. ಪ್ರಭಾಳ ಗಂಡ ಮದುವೆಯಾಗಿ ಜರ್ಮನಿಗೆ ಹೋದವನು, ಫೋನು ಕೂಡ ನಿಂತಿದೆ. ಅವನ ಮುಖವನ್ನು ನಮಗೆ ತೋರಿಸುವುದಿಲ್ಲ. ಒಂದು ದಿನ ಮನೆಗೆ ಪಾರ್ಸೆಲ್ ಬರುತ್ತದೆ. ಒಳಗೆ ಹೊಚ್ಚಹೊಸ ಕೆಂಪು ರೈಸ್ ಕುಕ್ಕರ್. ಕಳಿಸಿದವರ ಹೆಸರಿಲ್ಲ, ಮೇಡ್ ಇನ್ ಜರ್ಮನಿ ಅಂತಿದೆ. ರಾತ್ರಿ ಪ್ರಭಾ ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತು ಆ ಕುಕ್ಕರನ್ನು ತೊಡೆಗಳ ನಡುವೆ ಎಳೆದುಕೊಂಡು ಅಪ್ಪಿಕೊಳ್ಳುತ್ತಾಳೆ. ಪ್ರಭಾ ಆಗಿ ನಟಿಸಿರುವ ಕನಿ ಕುಸೃತಿ ಈ ದೃಶ್ಯದಲ್ಲಿ ಅಳುವುದಿಲ್ಲ. ಮಾತಿಲ್ಲ, ನೆನಪಿನ ಫ್ಲ್ಯಾಶ್‌ಬ್ಯಾಕ್ ಕೂಡ ಇಲ್ಲ. ಎಷ್ಟು ವರ್ಷದ ಒಂಟಿತನ ಎಂದು ಯಾರೂ ಲೆಕ್ಕ ಕೊಡಬೇಕಾಗಿಯೂ ಇಲ್ಲ.

ಆಸ್ಕರ್‌ಗೆ ಭಾರತದಿಂದ ಇದನ್ನು ಕಳಿಸಲಿಲ್ಲ, ಕಿರಣ್ ರಾವ್ ಅವರ ‘ಲಾಪತಾ ಲೇಡೀಸ್’ ಹೋಯಿತು. ಆಯ್ಕೆ ಸಮಿತಿಯವರಿಗೆ ಪಾಯಲ್ ಚಿತ್ರ ಭಾರತದಲ್ಲಿ ನಡೆಯುವ ಯುರೋಪಿಯನ್ ಸಿನಿಮಾದಂತೆ ಕಂಡಿತಂತೆ. ಲೋಕಲ್ ಟ್ರೇನಿನಲ್ಲಿ ನಿಂತೇ ನಿದ್ದೆ ಹೊಡೆಯುವವರು, ಮನೆಗೆ ಕಾಗದಪತ್ರವಿಲ್ಲವೆಂದು ಬಿಲ್ಡರ್ ಓಡಿಸಿದ ಅಡುಗೆಯವಳು, ಪ್ರೀತಿಸಿದವನ ಜೊತೆ ಒಂದು ಗಂಟೆ ಇರಲು ಜಾಗ ಸಿಗದೆ ಒದ್ದಾಡುವ ಹುಡುಗಿ, ಇವರೆಲ್ಲ ಯುರೋಪಿನವರಾಗಿದ್ದು ಯಾವಾಗ? ಬೆಂಗಳೂರಿನ ಪಿಜಿಗಳಲ್ಲಿ ಇರುವ ಹುಬ್ಬಳ್ಳಿ, ಹಾಸನ, ಕುಂದಾಪುರದ ಎಷ್ಟೋ ಹೆಣ್ಣುಮಕ್ಕಳಿಗೆ ಇದು ತಮ್ಮದೇ ದಿನಚರಿ ಅನ್ನಿಸೀತು. ಹಾಗೆಂದು ‘ಲಾಪತಾ ಲೇಡೀಸ್’ ಮೇಲೆ ನನಗೆ ಮುನಿಸೇನೂ ಇಲ್ಲ. ಘೂಂಘಟ್ಟಿನಿಂದಾಗಿ ರೈಲಿನಲ್ಲಿ ಮದುಮಗಳು ಅದಲುಬದಲಾಗುವ ಆ ಕತೆ ನೋಡುವಷ್ಟು ಹೊತ್ತೂ ಖುಷಿ ಕೊಡುತ್ತದೆ. ಆದರೆ ಕೊನೆಯ ಅರ್ಧ ಗಂಟೆಯಲ್ಲಿ ಪ್ರತಿಯೊಂದು ಪಾತ್ರವೂ ನೀತಿಪಾಠ ಒಪ್ಪಿಸಿಯೇ ಹೋಗುತ್ತದೆ. ಅಲ್ಲಿ ನಾನು ಸ್ವಲ್ಪ ಹಿಂದೆ ಸರಿದೆ.

ಮಾತೇ ಬಂಡವಾಳವಾಗಿರುವ ಸಿನಿಮಾ ಇಷ್ಟವಾಗುವುದಿಲ್ಲ ಎಂದಲ್ಲ. ‘96’ ಖ್ಯಾತಿಯ ಸಿ. ಪ್ರೇಮ್‌ಕುಮಾರ್ ಮಾಡಿದ ‘ಮೆಯ್ಯಳಗನ್’ನಲ್ಲಿ ಇಡೀ ರಾತ್ರಿ ಮಾತೋ ಮಾತು. ತಂಜಾವೂರಿನ ಹಿರಿಯರ ಮನೆ ಕೈತಪ್ಪಿ 1996ರಲ್ಲಿ ಊರು ಬಿಟ್ಟ ಅರುಳ್ (ಅರವಿಂದ್ ಸ್ವಾಮಿ), ಇಪ್ಪತ್ತೆರಡು ವರ್ಷದ ಮೇಲೆ ತಂಗಿಯ ಮದುವೆಗೆಂದು ಬರುತ್ತಾನೆ. ಅಲ್ಲಿ ಒಬ್ಬ (ಕಾರ್ತಿ) ‘ಅತ್ತಾನ್, ಅತ್ತಾನ್’ (ಭಾವ, ಭಾವ) ಎನ್ನುತ್ತಾ ನೆರಳಿನಂತೆ ಹಿಂಬಾಲಿಸಿ ಊಟ ಬಡಿಸುತ್ತಾನೆ, ಮನೆಗೆ ಕರೆದೊಯ್ಯುತ್ತಾನೆ, ಹಾಸಿಗೆ ಹಾಸುತ್ತಾನೆ. ಅವನು ಯಾರೆಂದು ಅರುಳ್‌ಗೆ ನೆನಪಾಗದು. ಕೇಳಲು ನಾಚಿಕೆ. ಮದುವೆ ಮನೆಗಳಲ್ಲಿ ‘ಗೊತ್ತಾಯ್ತಾ ನಾನ್ಯಾರು?’ ಎಂಬ ಪ್ರಶ್ನೆಗೆ ಹಲ್ಲು ಕಿರಿದು ಪಾರಾದ ನಮ್ಮಲ್ಲಿ ಯಾರಿಗೆ ಈ ಸಂಕಟ ಗೊತ್ತಿಲ್ಲ! ಊರು ಬಿಡುವಾಗ ಅರುಳ್ ಬಿಟ್ಟುಹೋಗಿದ್ದ ಹಳೆಯ ಸೈಕಲ್ಲು ತಮ್ಮ ಸಂಸಾರದ ದಿಕ್ಕನ್ನೇ ಬದಲಿಸಿತೆಂದು ಆ ಹುಡುಗ ಹೇಳುವಾಗ, ಅವನ ಹೆಸರು ಗೊತ್ತಿಲ್ಲದ ಅರುಳ್ ಪಾಪಪ್ರಜ್ಞೆಯಲ್ಲಿ ಕುಗ್ಗುತ್ತಾ ಹೋಗುವುದನ್ನು ಅರವಿಂದ್ ಸ್ವಾಮಿ ಬರೀ ಕಣ್ಣಲ್ಲಿ ಮಾಡಿದ್ದಾರೆ. ಮಾತು ಅಷ್ಟಿದ್ದರೂ ಒಂದು ಹೆಸರನ್ನು ತಡೆಹಿಡಿದದ್ದರಿಂದಲೇ ಸಿನಿಮಾ ನಿಂತಿದೆ. ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ಮೇಲೆ ಉದ್ದವಾಯಿತೆಂಬ ದೂರಿಗೆ ಮಣಿದು ಹದಿನೆಂಟು ನಿಮಿಷದಷ್ಟು ಕತ್ತರಿಸಿದರು. ಕತ್ತರಿಸಬಾರದಿತ್ತು. ಆ ಸೋಮಾರಿ ಹರಟೆಯೇ ಅದರ ರುಚಿ.

ಮಲಯಾಳದವರು ಆ ವರ್ಷ ಆಡಿದ್ದೆಲ್ಲ ಆಟವಾಯಿತು. ‘ಉಳ್ಳೊಳುಕ್ಕು’ವಿನಲ್ಲಿ ಕುಟ್ಟನಾಡಿನ ನೆರೆ ಇಳಿಯುವವರೆಗೆ ಮಗನ ಹೆಣ ಮಣ್ಣಾಗದೆ ಕಾಯುತ್ತದೆ, ಆ ಕಾಯುವಿಕೆಯಲ್ಲಿ ಅತ್ತೆ ಸೊಸೆಯರ ಗುಟ್ಟುಗಳು ನೀರಿನ ಜೊತೆ ಮೇಲೇಳುತ್ತವೆ. ಅತ್ತೆಯಾಗಿ ಊರ್ವಶಿ ಅವರ ನಟನೆಗೇ ಟಿಕೆಟ್ಟಿನ ದುಡ್ಡು ಸಂದಾಯ. ‘ಕಿಷ್ಕಿಂಧಾ ಕಾಂಡಂ’ನಲ್ಲಿ ಮರೆವಿನ ಮುದುಕ ವಿಜಯರಾಘವನ್ ತಾನೇ ತನ್ನ ಮೇಲೆ ಪತ್ತೇದಾರಿಕೆ ಮಾಡಿಕೊಳ್ಳುತ್ತಾನೆ. ‘ಭ್ರಮಯುಗಂ’ ಪೂರ್ತಿ ಕಪ್ಪುಬಿಳುಪು, ಮಮ್ಮೂಟ್ಟಿ ಹಾಳು ಮನೆಯ ಯಜಮಾನ. ‘ಆವೇಶಂ’ ಮಾತ್ರ ಬೇರೆ ಜಾತಿಯದು; ಮೂವರು ಇಂಜಿನಿಯರಿಂಗ್ ಹುಡುಗರು ಬೆಂಗಳೂರಿನಲ್ಲಿ ಕನ್ನಡ ಬೆರೆತ ಮಲಯಾಳ ಮಾತಾಡುವ ರೌಡಿ ರಂಗನ ಸಹವಾಸಕ್ಕೆ ಬೀಳುತ್ತಾರೆ. ಮೈತುಂಬ ಚಿನ್ನ ಹೇರಿಕೊಂಡ ಫಹಾದ್ ಫಾಸಿಲ್, ಹುಡುಗನ ತಾಯಿ ಫೋನಿನಲ್ಲಿ ‘ಹ್ಯಾಪಿ ಅಲ್ಲೇ?’ (ಖುಷಿ ತಾನೇ?) ಎಂದು ಕೇಳಿದ್ದಕ್ಕೆ ಕರಗಿಹೋಗುತ್ತಾನೆ. ಅಲ್ಲಿಯವರೆಗೆ ಅವನನ್ನು ಹಾಗೆ ಯಾರೂ ಕೇಳಿದ್ದಂತಿಲ್ಲ.

‘ಮಂಜುಮ್ಮೇಲ್ ಬಾಯ್ಸ್’ ಎಲ್ಲಿ ಎನ್ನುತ್ತೀರಾ? ಇನ್ನೂರು ಕೋಟಿ ದಾಟಿದ ಮೊದಲ ಮಲಯಾಳ ಚಿತ್ರ, ತಮಿಳುನಾಡು ಒಂದರಲ್ಲೇ ಐವತ್ತು ಕೋಟಿಗೂ ಮೇಲೆ. ಕೊಡೈಕೆನಾಲಿನ ಗುಣಾ ಗುಹೆ ಸೆಟ್ಟು ಎಂದರೆ ನಂಬುವಂತಿಲ್ಲ, ಅಷ್ಟು ನಿಜ. 1991ರ ‘ಗುಣಾ’ ಚಿತ್ರದ ಪ್ರೇಮಗೀತೆಯನ್ನು ಗೆಳೆತನಕ್ಕೆ ತಿರುಗಿಸಿದ ಜಾಣ್ಮೆಗೆ ನಾನೂ ಶಿಳ್ಳೆ ಹೊಡೆದವನೇ. ಆದರೆ ಊರಲ್ಲಿ ಹಗ್ಗಜಗ್ಗಾಟ ಆಡಿದವರು ಗುಹೆಗೆ ಬಿದ್ದ ಗೆಳೆಯನಿಗಾಗಿಯೂ ಹಗ್ಗ ಎಳೆಯಬೇಕು ಎನ್ನುವ ಲೆಕ್ಕಾಚಾರ ನನಗೆ ಮೊದಲೇ ಕಂಡುಬಿಟ್ಟಿತು. ಒಳ್ಳೆಯ ಸಿನಿಮಾ. ನನ್ನ ಪಟ್ಟಿಯದಲ್ಲ.

ಕನ್ನಡಕ್ಕೆ ಬರೋಣ. ‘ವರ್ಷವೇ ಬರಡು’ ಎಂಬ ಮಾತು ಜುಲೈವರೆಗೂ ಕೇಳಿದೆವು, ಆಗಸ್ಟಿನಲ್ಲಿ ‘ಭೀಮ’, ‘ಕೃಷ್ಣಂ ಪ್ರಣಯ ಸಖಿ’ ಬಂದ ಮೇಲೆ ಟಾಕೀಸುಗಳು ಉಸಿರಾಡಿದವು. ಆದರೆ ಆ ಬರಗಾಲದ ತಿಂಗಳುಗಳಲ್ಲೇ ನನಗೆ ಬೇಕಾದ ಮೂರು ಸಿನಿಮಾ ಬಂದುಹೋಗಿದ್ದವು. ಫೆಬ್ರವರಿಯಲ್ಲಿ ಸಂದೀಪ್ ಸುಂಕದ ಅವರ ‘ಶಾಖಾಹಾರಿ’. ಮಾರ್ಚಿನಲ್ಲಿ ಶ್ರೀನಿಧಿ ಬೆಂಗಳೂರು ಅವರ ‘ಬ್ಲಿಂಕ್’ ಮತ್ತು ರಾಜ್‌ಗುರು ಅವರ ‘ಕೆರೆಬೇಟೆ’. ‘ಬ್ಲಿಂಕ್’ ಗ್ರೀಕರ ಈಡಿಪಸ್‌ನ ನೆರಳನ್ನು ಟೈಮ್ ಟ್ರಾವೆಲ್ ಕತೆಗೆ ಕಸಿ ಮಾಡುವ ಧೈರ್ಯ ತೋರಿಸಿತು. ‘ಕೆರೆಬೇಟೆ’ ಮಲೆನಾಡಿನವರು ಊರಿಗೆ ಊರೇ ಕೂಣಿ ಹಿಡಿದು ಕೆರೆಗಿಳಿಯುವ ಮೀನುಬೇಟೆಯನ್ನು ಅದರ ಕೆಸರು ಸಮೇತ ತಂದಿತು.

ಮೂರರಲ್ಲಿ ನನಗೆ ಹೆಚ್ಚು ಇಷ್ಟ ‘ಶಾಖಾಹಾರಿ’. ಮಲೆನಾಡಿನ ಪುಟ್ಟ ಊರು, ಸಸ್ಯಾಹಾರಿ ಹೋಟೆಲಿನ ಮಾಲೀಕ ಸುಬ್ಬಣ್ಣ, ಮದುವೆಯಿಲ್ಲದೆ ವಯಸ್ಸಾದವನು. ರಾತ್ರಿ ಹೊತ್ತು ತಲೆಮರೆಸಿಕೊಂಡಿದ್ದ, ಗಾಯಗೊಂಡ ಆರೋಪಿಯೊಬ್ಬ ಹೋಟೆಲಿಗೆ ನುಗ್ಗುತ್ತಾನೆ. ಅಲ್ಲಿಂದ ಸುಬ್ಬಣ್ಣನ ಸೌಟು ಹಿಡಿದ ಕೈಗೆ ಏನೇನು ಕೆಲಸ ಬರುತ್ತದೆ ಎನ್ನುವುದನ್ನು ನೋಡದವರಿಗಾಗಿ ಬಿಡುತ್ತೇನೆ. ರಂಗಾಯಣ ರಘು ಅವರನ್ನು ವರ್ಷಗಟ್ಟಲೆ ಕೂಗಾಡಿಸಿಯೇ ದುಡಿಸಿಕೊಂಡ ಚಿತ್ರರಂಗ, ಈ ಮನುಷ್ಯ ಸುಮ್ಮನೆ ಕಾಫಿ ಲೋಟ ತೊಳೆಯುತ್ತಾ ನಿಂತರೂ ನೋಡುತ್ತಾ ಕೂರಬಹುದು ಎಂಬುದನ್ನು ಮರೆತೇಬಿಟ್ಟಿತ್ತು. ಪೊಲೀಸ್ ಮಲ್ಲಿಕಾರ್ಜುನನಾಗಿ ಗೋಪಾಲಕೃಷ್ಣ ದೇಶಪಾಂಡೆ ಎದುರು ಕೂತಾಗ ಇಬ್ಬರ ನಡುವೆ ಆಡದೆ ಉಳಿದ ಮಾತಿಗೇ ಭಯ ಹೆಚ್ಚು.

ಇಂಥ ಚಿತ್ರಗಳು ಜನಕ್ಕೆ ಸಿಗದೆ ಹೋಗುವುದರಲ್ಲಿ ರಹಸ್ಯವೇನಿಲ್ಲ. ಮಲ್ಟಿಪ್ಲೆಕ್ಸಿನಲ್ಲಿ ಸಣ್ಣ ಚಿತ್ರಕ್ಕೆ ಸಿಗುವುದು ಬೆಳಿಗ್ಗೆ ಹತ್ತರ ಆಟ, ಇಲ್ಲವೇ ರಾತ್ರಿ ಹತ್ತರದು. ಶುಕ್ರವಾರ, ಶನಿವಾರ, ಭಾನುವಾರ ಸೀಟು ತುಂಬದಿದ್ದರೆ ಸೋಮವಾರದಿಂದಲೇ ಶೋ ಕಡಿತ. ‘ಚೆನ್ನಾಗಿದೆಯಂತೆ’ ಎಂಬ ಮಾತು ಕಿವಿಯಿಂದ ಕಿವಿಗೆ ಹೋಗಲು ಒಂದು ವಾರ ಬೇಕು, ಅಷ್ಟು ಹೊತ್ತಿಗೆ ಮುಂದಿನ ಶುಕ್ರವಾರದ ಪೋಸ್ಟರು ಅಂಟಿರುತ್ತದೆ. ಒಟಿಟಿಯವರು ತಮಿಳು, ತೆಲುಗು, ಮಲಯಾಳಕ್ಕೆ ತೋರುವ ಆಸಕ್ತಿ ಕನ್ನಡಕ್ಕೆ ತೋರುವುದಿಲ್ಲ. ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆಗೇ ‘ಏಕಂ’ ಸರಣಿಯನ್ನು ಕೊಳ್ಳುವವರು ಸಿಗದೆ, ಜುಲೈಯಲ್ಲಿ ತನ್ನದೇ ವೆಬ್‌ಸೈಟ್ ಕಟ್ಟಿಕೊಂಡು ತೋರಿಸಬೇಕಾಯಿತು. ರಕ್ಷಿತ್ ಪಾಡೇ ಹೀಗಾದರೆ ಮೊದಲ ಸಿನಿಮಾ ಮಾಡುವ ಹುಡುಗರ ಗತಿ ಕೇಳುವುದೇ ಬೇಡ.

ಡಿಸೆಂಬರಿನಲ್ಲಿ ಬಂದ ಉಪೇಂದ್ರ ಅವರ ‘ಯುಐ’ ಈ ಪಟ್ಟಿಗೆ ಪೂರ್ತಿ ಉಲ್ಟಾ. ಬುದ್ಧಿವಂತರು ಎದ್ದು ಹೋಗಿ, ದಡ್ಡರು ಪೂರ್ತಿ ನೋಡಿ ಎಂದು ಆರಂಭದಲ್ಲೇ ಬೋರ್ಡು ಹಾಕಿದರು. ನಾನು ಪೂರ್ತಿ ನೋಡಿದೆ. ಜಾತಿ, ಧರ್ಮ, ಮೊಬೈಲು, ರಾಜಕೀಯ ಎಲ್ಲದರ ಬಗ್ಗೆಯೂ ಹೇಳುವುದಿದೆ ಅವರಿಗೆ, ಹೇಳುತ್ತಾರೆ, ಮತ್ತೆ ಹೇಳುತ್ತಾರೆ. ‘ಎ’ ಮಾಡಿದ ಉಪೇಂದ್ರ ನಮ್ಮನ್ನು ಗೊಂದಲದಲ್ಲಿ ಬಿಟ್ಟು ಮಜಾ ನೋಡುತ್ತಿದ್ದರು. ಆ ಉಪೇಂದ್ರ ನನಗೆ ಹೆಚ್ಚು ಬೇಕು.

ಒಂದನ್ನೇ ಆರಿಸು ಎಂದರೆ ನನ್ನ ಆಯ್ಕೆ ‘ಆಟ್ಟಂ’, ಕೂದಲೆಳೆಯ ಅಂತರದಲ್ಲಿ ‘ಕೊಟ್ಟುಕ್ಕಾಳಿ’. ಮನೆಯಾಕೆ ಇದನ್ನು ಒಪ್ಪುವುದಿಲ್ಲ. ಅವಳ ಪಟ್ಟಿಯಲ್ಲಿ ‘ಲಾಪತಾ ಲೇಡೀಸ್’ಗೇ ಮೊದಲ ಸ್ಥಾನ, ಅದೂ ರೈಲ್ವೆ ಪ್ಲಾಟ್‌ಫಾರಮ್ಮಿನಲ್ಲಿ ಟೀ ಅಂಗಡಿ ಇಟ್ಟುಕೊಂಡು ಗಂಡ, ಮಗ ಇಬ್ಬರನ್ನೂ ಹೊರಗೆ ಹಾಕಿದ ಮಂಜು ಮಾಯಿಯ ಕಾರಣಕ್ಕೆ. ನೀತಿಪಾಠದ ನನ್ನ ತಕರಾರಿಗೆ ಅವಳ ಉತ್ತರ, ಕೇಳಬೇಕಾದವರಿಗೆ ಬಿಡಿಸಿಯೇ ಹೇಳಬೇಕು ಅಂತ. ಆ ಮಂಜು ಮಾಯಿ ಛಾಯಾ ಕದಂ. ಪಾಯಲ್ ಚಿತ್ರದಲ್ಲಿ ಬಿಲ್ಡರನ ಜಾಹೀರಾತು ಫಲಕಕ್ಕೆ ಕಲ್ಲು ಬೀರುವ ಪಾರ್ವತಿಯೂ ಅವರೇ. ವರ್ಷದ ನಟಿ ಯಾರು ಎನ್ನುವಲ್ಲಿ ಮಾತ್ರ ನಮ್ಮ ಮನೆಯ ಎರಡೂ ಓಟು ಒಂದೇ ಕಡೆ ಬಿದ್ದಿವೆ.